ಪೈಲಟ್ ಆಗಬೇಕೆ? ಫೀಸು ಕಟ್ಟುವ ಮುನ್ನ ಇಷ್ಟು ನೋಡಿ

ಪಿಯುಸಿ ಮುಗಿಸಿದ ಮಗಳೋ ಮಗನೋ ‘ಪೈಲಟ್ ಆಗ್ತೀನಿ’ ಅಂದರೆ ಸಾಕು, ಮನೆಮಂದಿಯೆಲ್ಲ ಫ್ಲೈಯಿಂಗ್ ಶಾಲೆ ಹುಡುಕಲು ಕೂರುತ್ತಾರೆ. ಅದು ಮಾಡಬೇಕಾದ ಮೂರನೆಯ ಕೆಲಸ.

1. ಮೊದಲು ಮೆಡಿಕಲ್. ವಿಮಾನಯಾನ ನಿಯಂತ್ರಕ ಡಿಜಿಸಿಎ ಮಾನ್ಯತೆಯ ವೈದ್ಯರಲ್ಲಿ ಕ್ಲಾಸ್ 2, ಬಳಿಕ ಕ್ಲಾಸ್ 1. ಕನ್ನಡಕವಿದೆಯೆಂದು ಗಾಬರಿ ಬೇಡ. ಬಣ್ಣದ ಚುಕ್ಕಿಗಳ ನಡುವೆ ಅಡಗಿದ ಅಂಕಿ ಕಾಣುತ್ತಿಲ್ಲವೆಂದರೆ ಅದು ಬೇರೆ ಮಾತು. ಅದನ್ನು ಲಕ್ಷಗಟ್ಟಲೆ ಕಟ್ಟಿದ ಮೇಲೆ ತಿಳಿಯಬಾರದು. ಓದಿನಲ್ಲಿ ಫಿಸಿಕ್ಸ್, ಗಣಿತ ಇರಬೇಕು; ಕಾಮರ್ಸ್ ಓದಿದವರು ಅವನ್ನು ಮುಕ್ತ ಶಾಲೆ ಎನ್‌ಐಒಎಸ್ ಮೂಲಕ ಬರೆದುಕೊಳ್ಳಬಹುದು.

2. ಆಮೇಲೆ ದುಡ್ಡು. ಕಮರ್ಷಿಯಲ್ ಪೈಲಟ್ ಲೈಸೆನ್ಸ್, ಅಂದರೆ ಸಿಪಿಎಲ್ ಕೈಗೆ ಬರುವಷ್ಟರಲ್ಲಿ ಅರ್ಧ ಕೋಟಿಯ ಆಸುಪಾಸು ಖರ್ಚು. ಕೆಲಸ ಮರುದಿನವೇ ಕಾದಿರುವುದಿಲ್ಲ. ಸೈಟು ಅಡವಿಡುವ ಮುನ್ನ, ಸಂಬಳವಿಲ್ಲದ ಒಂದೆರಡು ವರ್ಷ ಕಂತು ಯಾರು ಕಟ್ಟುತ್ತಾರೆ ಎಂಬುದು ಮನೆಯಲ್ಲಿ ಇತ್ಯರ್ಥವಾಗಲಿ.

3. ಶಾಲೆಗೆ ಬೆಳಗ್ಗೆ ಆರಕ್ಕೆ ಹೋಗಿ. ಬ್ರೋಷರ್ ಕೊಡುವ ಕೌನ್ಸೆಲರ್ ಆಗಿನ್ನೂ ಬಂದಿರುವುದಿಲ್ಲ, ಒಳ್ಳೆಯದೇ ಆಯಿತು. ನೋಡಬೇಕಾದ್ದು ಹ್ಯಾಂಗರ್. ಸೆಸ್ನಾ 172 ವಿಮಾನದ ರೆಕ್ಕೆಯ ಕೆಳಗೆ ನಿಂತ ವಿದ್ಯಾರ್ಥಿ ನೀಲಿ ಬಣ್ಣದ ಇಂಧನವನ್ನು ಪುಟ್ಟ ಲೋಟಕ್ಕೆ ಹಿಡಿದು, ನೀರು ಬೆರೆತಿದೆಯೇ ಎಂದು ಬೆಳಕಿಗೆ ಎತ್ತಿ ನೋಡುತ್ತಿದ್ದಾನೆಯೇ? ಅಥವಾ ಅದೇ ವಿಮಾನ ಬಿಡಿಭಾಗಕ್ಕೆ ಕಾಯುತ್ತ ಮೂಲೆಯಲ್ಲಿ ಧೂಳು ತಿನ್ನುತ್ತಿದೆಯೇ? ಸಿಪಿಎಲ್‌ಗೆ 200 ಗಂಟೆ ಹಾರಾಟ ಬೇಕು, ಅದರಲ್ಲಿ 100 ಗಂಟೆ ವಿಮಾನದ ಪೂರ್ತಿ ಹೊಣೆ ಹೊತ್ತು. ಹಾರುವ ವಿಮಾನ, ಬೋಧಕರು ಕಡಿಮೆಯಿದ್ದು ಮಕ್ಕಳು ಹೆಚ್ಚಾದರೆ ಒಂದೂವರೆ ವರ್ಷದ ಕೋರ್ಸು ಮೂರು ವರ್ಷಕ್ಕೆ ಎಳೆಯುತ್ತದೆ. ಹಿಂದಿನ ಬ್ಯಾಚಿನವರು ಎಷ್ಟು ತಿಂಗಳಲ್ಲಿ ಮುಗಿಸಿದರು ಎಂದು ಕ್ಯಾಂಟೀನಿನಲ್ಲಿ ಕುಳಿತ ಹುಡುಗರನ್ನೇ ಕೇಳಿ. ಡಿಜಿಸಿಎ 2025ರಲ್ಲಿ ಮೊದಲ ಸಲ ಶಾಲೆಗಳಿಗೆ ದರ್ಜೆ ಕೊಟ್ಟಾಗ ಒಂದಕ್ಕೂ ‘ಎ’ ಸಿಗಲಿಲ್ಲ. ಪಟ್ಟಿ ನೋಡಿ, ಆದರೆ ಕಣ್ಣಾರೆ ಕಂಡದ್ದನ್ನೇ ಹೆಚ್ಚು ನಂಬಿ.

4. ದೂರ, ಹೆಸರು ಎರಡನೆಯದು. ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನ ಇಗ್ರುವಾ ಹಳೆಯ ಸರ್ಕಾರಿ ಸಂಸ್ಥೆ, ಪ್ರವೇಶ ಪರೀಕ್ಷೆ ಬರೆಯಬೇಕು. ನಮ್ಮಲ್ಲೇ ಬೆಂಗಳೂರಿನ ಜಕ್ಕೂರು ಫ್ಲೈಯಿಂಗ್ ಶಾಲೆ ಇದೆ. ಬೆಳಗಾವಿ, ಕಲಬುರಗಿ ವಿಮಾನ ನಿಲ್ದಾಣಗಳಲ್ಲೂ ತರಬೇತಿಗೆ ಜಾಗ ಕೊಟ್ಟಿದ್ದಾರೆ. ಎಲ್ಲಕ್ಕೂ ಮೂರನೆಯ ಸೂತ್ರವೇ ಅಳತೆಗೋಲು.

5. ಥಿಯರಿ ಮುಗಿಸಿ ವಿಮಾನ ಹತ್ತಿ. ನ್ಯಾವಿಗೇಶನ್, ಹವಾಮಾನ, ನಿಯಮಾವಳಿ, ಟೆಕ್ನಿಕಲ್: ಪ್ರತಿ ಪೇಪರಿಗೂ ನೂರಕ್ಕೆ 70 ಬೇಕು. ಅಮೆರಿಕಕ್ಕೋ ದಕ್ಷಿಣ ಆಫ್ರಿಕಾಕ್ಕೋ ಹೋಗುವವರಿಗೆ ಇದು ಇನ್ನೂ ಮುಖ್ಯ. ಅಲ್ಲಿ ಗಂಟೆಗಳು ಬೇಗ ತುಂಬುತ್ತವೆ, ನಿಜ. ಆದರೆ ಆ ಲೈಸೆನ್ಸನ್ನು ಇಲ್ಲಿ ಪರಿವರ್ತಿಸಿಕೊಳ್ಳಲು ಡಿಜಿಸಿಎ ಪರೀಕ್ಷೆ ಬರೆಯಲೇಬೇಕು. ಪುಸ್ತಕ ತೆರೆಯದೆ ಹೋಗಿ ಬಂದವರು ಲೈಸೆನ್ಸ್ ಇಟ್ಟುಕೊಂಡೇ ಕೋಚಿಂಗ್ ಕ್ಲಾಸಿನ ಬೆಂಚಿಗೆ ಮರಳುತ್ತಾರೆ.

6. ಕೆಡೆಟ್ ಯೋಜನೆಯ ಷರತ್ತು ಓದಿ. ಏರ್‌ಲೈನ್ ಹೆಸರಿನ ಈ ದಾರಿಯ ಖರ್ಚು ಕೋಟಿ ದಾಟಬಹುದು. ಕೆಲಸದ ಭರವಸೆಯ ಹಿಂದೆ ಹಲವು ‘ಆದರೆ’ಗಳಿರುತ್ತವೆ. ವಕೀಲರಿಗೆ ತೋರಿಸಿ ಸಹಿ ಹಾಕಿ.

7. ಫೀಸು ಕಂತಿನಲ್ಲಿ. ಪೂರ್ತಿ ಕಟ್ಟಿದರೆ ರಿಯಾಯಿತಿ ಅಂದರೂ ಬೇಡ.

8. ಲಾಗ್‌ಬುಕ್ಕಿನಲ್ಲಿ ಹಾರದ ಗಂಟೆ ಬರೆಯಬೇಡಿ. ‘ಎಲ್ಲರೂ ಮಾಡ್ತಾರೆ’ ಅನ್ನುವವರು ಸಿಗುತ್ತಾರೆ. ಸುಳ್ಳು ದಾಖಲೆ ಯಾವುದಾದರೂ ಅಪಾಯವೇ: 2011ರಲ್ಲಿ ನಕಲಿ ಅಂಕಪಟ್ಟಿ ಕೊಟ್ಟು ಲೈಸೆನ್ಸ್ ಪಡೆದಿದ್ದ ಪೈಲಟ್‌ಗಳ ಬಂಧನವೇ ಆಯಿತು.

9. ಟೈಪ್ ರೇಟಿಂಗ್‌ಗೆ, ಅಂದರೆ ಒಂದು ಮಾದರಿಯ ವಿಮಾನ ಹಾರಿಸುವ ಅನುಮತಿಗೆ, ಅವಸರ ಬೇಡ. ಏರ್‌ಬಸ್ ಎ320 ರೇಟಿಂಗ್ ಇಟ್ಟುಕೊಂಡು ಬೋಯಿಂಗ್ 737 ಹಾರಿಸಲಾಗದು. ಯಾವ ಕಂಪನಿ ಯಾವ ವಿಮಾನಕ್ಕೆ ಜನ ತೆಗೆದುಕೊಳ್ಳುತ್ತಿದೆ ಎಂದು ನೋಡಿಕೊಂಡೇ ಆ ದುಡ್ಡು ಕಟ್ಟಿ.