ದೂರವಾಣಿಯ ತಂತಿಯಲ್ಲಿ ಸೂಚನಾಫಲಕ

ಶಾಲೆಯ ಹೆಬ್ಬಾಗಿಲಿನ ಬಳಿ ತೂಗುಹಾಕಿದ ಸೂಚನಾಫಲಕವನ್ನು ಅರಿಯದವರಿಲ್ಲ. ಒಬ್ಬನು ಬರೆದುದನ್ನು ಹಲವರು ತಮತಮಗೆ ಬಿಡುವಾದಾಗ ಬಂದು ಓದುವರು. ಬರೆದವನೂ ಓದುವವನೂ ಏಕಕಾಲದಲ್ಲಿ ಅಲ್ಲಿರಬೇಕೆಂಬ ನಿಯಮವಿಲ್ಲ. ಇಷ್ಟು ಸಾಮಾನ್ಯವಾದ ಉಪಾಯವನ್ನೇ ಗಣಕಯಂತ್ರಕ್ಕೆ ಅಳವಡಿಸಿದ ಇಬ್ಬರು ಹವ್ಯಾಸಿಗಳ ಸಾಧನೆಯು, ಅಂತರ್ಜಾಲವು ಮನೆಮನೆಗೆ ಬರುವುದಕ್ಕೆ ಮುನ್ನಿನ ಇತಿಹಾಸದಲ್ಲಿ ಸ್ಮರಣೀಯ ಅಧ್ಯಾಯವೆನಿಸಿದೆ.

1978ರ ಜನವರಿಯಲ್ಲಿ ಅಮೆರಿಕದ ಷಿಕಾಗೊ ನಗರವು ಭಾರಿ ಹಿಮಪಾತಕ್ಕೆ ಸಿಲುಕಿತು. ಜನರು ಮನೆಯಿಂದ ಹೊರಡಲಾರದಾದರು. ಅಲ್ಲಿನ ಗಣಕ ಹವ್ಯಾಸಿಗಳ ಸಂಘದ ಸದಸ್ಯರಾದ ವಾರ್ಡ್ ಕ್ರಿಸ್ಟೆನ್ಸನ್ ಮತ್ತು ರ‍್ಯಾಂಡಿ ಸೂಸ್ ಎಂಬ ಮಿತ್ರರಿಗೆ, ಸಂಘದ ಸಂದೇಶಗಳನ್ನು ಸದಸ್ಯರು ಮನೆಯಲ್ಲಿಯೇ ಕುಳಿತು ಓದುವಂತಾದರೆ ಲೇಸಲ್ಲವೆ ಎಂಬ ಆಲೋಚನೆ ಹೊಳೆಯಿತು. ಕ್ರಿಸ್ಟೆನ್ಸನ್ ಕ್ರಮವಿಧಿಯನ್ನು ರಚಿಸಿದರು. ಸೂಸ್ ಯಂತ್ರಭಾಗಗಳನ್ನು ಜೋಡಿಸಿದರು. ‘ಸಿ.ಬಿ.ಬಿ.ಎಸ್.’ ಎಂಬ ಈ ಗಣಕೀಕೃತ ಸೂಚನಾಫಲಕದ ಪ್ರಾರಂಭದಿನವೆಂದು 1978ರ ಫೆಬ್ರವರಿ 16 ಪರಿಗಣಿತವಾಗಿದೆ. ಅದೇ ವರ್ಷದ ನವೆಂಬರಿನಲ್ಲಿ ‘ಬೈಟ್’ ಪತ್ರಿಕೆಯಲ್ಲಿ ಇದರ ವಿವರವನ್ನು ಅವರೇ ಬರೆದು ಪ್ರಕಟಿಸಿದರು. ಅದನ್ನು ಓದಿದ ಅನ್ಯರೂ ತಮ್ಮ ಊರುಗಳಲ್ಲಿ ಇಂಥ ಫಲಕಗಳನ್ನು ಸ್ಥಾಪಿಸಲು ಮಾರ್ಗವಾಯಿತು.

ಇದರ ಕಾರ್ಯವಿಧಾನವು ತಿಳಿಯತಕ್ಕುದು. ಗಣಕಕ್ಕೆ ಗೊತ್ತಿರುವುದು ಸೊನ್ನೆ ಮತ್ತು ಒಂದು ಎಂಬ ಎರಡೇ ಸಂಕೇತಗಳು. ದೂರವಾಣಿಯ ತಂತಿಯಾದರೋ ಮನುಷ್ಯನ ಧ್ವನಿಯನ್ನು ಒಯ್ಯಲೆಂದು ಹಾಕಿದುದು. ಇವೆರಡರ ನಡುವಣ ದುಭಾಷಿಯೇ ಮೋಡೆಮ್. ಅದು ಸೊನ್ನೆಗೊಂದು ಸ್ವರ, ಒಂದಕ್ಕೆ ಮತ್ತೊಂದು ಸ್ವರ ಎಂಬಂತೆ ಸಂಕೇತಗಳನ್ನು ನಾದವಾಗಿಸಿ ಕಳುಹಿಸುವುದು. ಆಚೆಯ ಮೋಡೆಮ್ ಆ ನಾದವನ್ನು ಮತ್ತೆ ಸಂಕೇತವಾಗಿಸುವುದು. ಅಂದಿನ ವೇಗ ಸೆಕೆಂಡಿಗೆ 300 ಸಂಕೇತಗಳು ಮಾತ್ರ. ಒಂದು ಅಕ್ಷರಕ್ಕೆ ಸುಮಾರು 10 ಸಂಕೇತಗಳಂತೆ ಸೆಕೆಂಡಿಗೆ 30 ಅಕ್ಷರಗಳು; 1800 ಅಕ್ಷರಗಳ ಒಂದು ಪುಟಕ್ಕೆ ಪೂರ್ತಿ ಒಂದು ನಿಮಿಷ! ಅದೂ ಅಲ್ಲದೆ ಇದ್ದುದು ಒಂದೇ ತಂತಿ. ಒಬ್ಬನು ಓದುತ್ತಿರುವಾಗ ಉಳಿದವರು ಕಾಯಲೇಬೇಕು. ಆದುದರಿಂದ ಮಿತವಾಗಿ ಬರೆದು ಬೇಗನೆ ತಂತಿಯನ್ನು ಬಿಟ್ಟುಕೊಡುವುದು ಅಲ್ಲಿ ಸೌಜನ್ಯವೆನಿಸಿತ್ತು.

ತಂತಿಯಲ್ಲಿ ಏಳುವ ಗೊರಗೊರ ಸದ್ದಿನಿಂದ ಅಕ್ಷರಗಳು ಕೆಡುತ್ತಿದ್ದವು. ಇದಕ್ಕೆ ಕ್ರಿಸ್ಟೆನ್ಸನ್ 1977ರಲ್ಲಿಯೇ ಪರಿಹಾರವನ್ನು ಕಂಡುಹಿಡಿದಿದ್ದರು. ಅದೇ ಮುಂದೆ ‘ಎಕ್ಸ್‌ಮೋಡೆಮ್’ ಎಂದು ಪ್ರಸಿದ್ಧವಾಯಿತು. ಕಡತವನ್ನು 128 ಬೈಟ್‌ಗಳ ತುಂಡುಗಳಾಗಿ ವಿಭಾಗಿಸಿ, ಪ್ರತಿಯೊಂದರ ಜೊತೆಗೂ ಅದರ ಮೊತ್ತದಿಂದ ಪಡೆದ ತಾಳೆಸಂಖ್ಯೆಯೊಂದನ್ನು ಕಳುಹಿಸುವುದು ಈ ಪದ್ಧತಿ. ಪಡೆದ ಗಣಕವು ತಾನೂ ಮೊತ್ತಮಾಡಿ ನೋಡುವುದು. ತಾಳೆಯಾದರೆ ‘ಬಂದಿತು’ ಎನ್ನುವುದು, ಇಲ್ಲವಾದರೆ ‘ಮತ್ತೊಮ್ಮೆ’ ಎನ್ನುವುದು. ಶಿಷ್ಯನು ಪಾಠವನ್ನು ತಪ್ಪಿಲ್ಲದೆ ಒಪ್ಪಿಸಿದ ಮೇಲೆಯೇ ಗುರುವು ಮುಂದಿನ ಪದ್ಯಕ್ಕೆ ಹೋಗುವ ಕ್ರಮವನ್ನು ಬಲ್ಲವರಿಗೆ ಇದು ಹೊಸದೆನಿಸದು. ಈ ಕ್ರಮವಿಧಿಯನ್ನು ಕ್ರಿಸ್ಟೆನ್ಸನ್ ಮಾರಲಿಲ್ಲ; ಎಲ್ಲರ ಬಳಕೆಗೂ ಬಿಟ್ಟುಕೊಟ್ಟರು. ಕೊಟ್ಟಷ್ಟೂ ಬೆಳೆಯುವ ಧನ ವಿದ್ಯೆಯೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ದೂರದೂರಿನ ಕರೆಗಳಿಗೆ ದರ ಹೆಚ್ಚಾಗಿದ್ದುದರಿಂದ ಪ್ರತಿಯೊಂದು ಫಲಕವೂ ತನ್ನ ಊರಿಗೆ ಸೀಮಿತವಾಗಿದ್ದಿತು. 1984ರಲ್ಲಿ ಟಾಮ್ ಜೆನ್ನಿಂಗ್ಸ್ ಆರಂಭಿಸಿದ ‘ಫಿಡೊನೆಟ್’ ಈ ಎಲ್ಲೆಯನ್ನು ದಾಟಿತು. ಕರೆಯ ದರ ಇಳಿಯುವ ರಾತ್ರಿವೇಳೆಯಲ್ಲಿ ಒಂದು ಗಣಕವು ಮತ್ತೊಂದಕ್ಕೆ ತಾನಾಗಿ ಕರೆಮಾಡಿ, ಹಗಲೆಲ್ಲ ಕೂಡಿಟ್ಟ ಪತ್ರಗಳನ್ನು ಒಪ್ಪಿಸುತ್ತಿದ್ದಿತು. ಅಂಚೆಯ ಓಟಗಾರರು ಊರಿಂದೂರಿಗೆ ಚೀಲವನ್ನು ಕೈಬದಲಿಸಿದಂತೆ ಪತ್ರಗಳು ಖಂಡಾಂತರಗಳಿಗೂ ತಲಪಿದವು.

ಆದರೆ ಆ ವ್ಯವಸ್ಥೆಗೊಂದು ಕೊರತೆಯಿತ್ತು. ಅಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿದ್ದ ‘ಆಸ್ಕಿ’ ಸಂಕೇತಮಾಲೆಯಲ್ಲಿ ಇದ್ದುದು 128 ಸ್ಥಾನಗಳು. ಕನ್ನಡದ ಒಂದಕ್ಷರಕ್ಕೂ ಅಲ್ಲಿ ಎಡೆಯಿರಲಿಲ್ಲ. ಕನ್ನಡಿಗನು ತಾಯ್ನುಡಿಯಲ್ಲಿ ಬರೆಯಬಯಸಿದರೆ ರೋಮನ್ ಲಿಪಿಯನ್ನೇ ಮರೆಹೊಗಬೇಕಿತ್ತು. 1991ರಲ್ಲಿ ಪ್ರಕಟವಾದ ಯೂನಿಕೋಡಿನ ಪ್ರಥಮ ಆವೃತ್ತಿಯಲ್ಲಿ ಕನ್ನಡಕ್ಕೂ ಸ್ಥಾನ ದೊರೆಯಿತು. ಭಾರತದಲ್ಲಿ ಸಾರ್ವಜನಿಕ ಅಂತರ್ಜಾಲ ಸೇವೆ ಮೊದಲಾದುದು 1995ರ ಆಗಸ್ಟ್ 15ರಂದು. ಅದೂ ದೂರವಾಣಿಯ ತಂತಿಯ ಮೂಲಕವೇ.

ಅಂತರ್ಜಾಲವು ಬೆಳೆದಂತೆ ಫಲಕಗಳು ಒಂದೊಂದಾಗಿ ಮೌನವಾದವು. ಒಬ್ಬರ ಮನೆಯ ಕೋಣೆಯಲ್ಲಿದ್ದ ಯಂತ್ರವನ್ನು ಆರಿಸಿದರೆ ಅದರೊಳಗಿನ ವರ್ಷಗಟ್ಟಲೆಯ ಸಂವಾದವೂ ಅದರೊಡನೆ ಅಳಿಯುತ್ತಿದ್ದಿತು. ಇದನ್ನು ಮನಗಂಡ ಜೇಸನ್ ಸ್ಕಾಟ್ ಎಂಬವರು 1998ರಿಂದ ಆ ಕಾಲದ ಬರಹಗಳನ್ನು ಸಂಗ್ರಹಿಸತೊಡಗಿದರು. 2005ರಲ್ಲಿ ಅಂದಿನವರ ನೆನಪುಗಳನ್ನು ಸಾಕ್ಷ್ಯಚಿತ್ರವಾಗಿಸಿದರು. ಈ ಎಚ್ಚರವು ಸಕಾಲದಲ್ಲಿಯೇ ಬಂದಿತೆನ್ನಬೇಕು. ಏಕೆಂದರೆ ಸೂಸ್ 2019ರಲ್ಲಿಯೂ ಕ್ರಿಸ್ಟೆನ್ಸನ್ 2024ರಲ್ಲಿಯೂ ತೀರಿಕೊಂಡರು.

ಕಾವ್ಯಗಳು ಇಂದಿಗೂ ಉಳಿದುಬಂದಿರುವುದು ಓಲೆಗರಿಯ ಗಟ್ಟಿತನದಿಂದಲ್ಲ, ಗರಿ ಶಿಥಿಲವಾಗುವ ಮೊದಲೇ ಪ್ರತಿ ಮಾಡಿದ ಲಿಪಿಕಾರರ ಶ್ರಮದಿಂದ. ಸಾಧನವು ಓಲೆಯಿರಲಿ, ಗಣಕವಿರಲಿ, ಈ ನ್ಯಾಯವು ಒಂದೇ. ಒಂದು ಸಂಸ್ಥೆಯ ಹಳೆಯ ಹಾಜರಿ ಪುಸ್ತಕ, ಹಸ್ತಪತ್ರಿಕೆ, ಗುರುಗಳ ಪತ್ರ ಇವುಗಳಿಗೂ ಇದೇ ಅನ್ವಯಿಸುವುದು. ಇವುಗಳನ್ನು ಕೈಯಲ್ಲಿ ಹಿಡಿದಿರುವವರು ಇರುವಾಗಲೇ ಪ್ರತಿಮಾಡಿಡುವುದು ಮುಂದಿನವರಿಗೆ ಸಲ್ಲಿಸಬೇಕಾದ ಋಣವಾಗಿದೆ.