ಹಾಲಿನ ಲೆಕ್ಕ: ಗೆರೆ, ಕಂಬ, ನಕ್ಷೆಗಳಲ್ಲಿ



ವಾರ್ಷಿಕ ವರದಿಯಲ್ಲಿ ಕಂಬ, ಗೆರೆ, ಬಣ್ಣದ ನಕ್ಷೆಗಳನ್ನು ನೀವು ನೋಡಿರುತ್ತೀರಿ. ನೋಡಿ ಪುಟ ತಿರುಗಿಸಿಯೂ ಇರುತ್ತೀರಿ. ಇವುಗಳಲ್ಲಿ ಒಂದನ್ನು ನೀವೇ ಬರೆಯಬಹುದು. ನಿಮ್ಮ ಹಟ್ಟಿಗೆ ನಿಜವಾಗಿ ಬೇಕಾದದ್ದೂ ಅದೇ.

ಅದು ರೇಖಾ ನಕ್ಷೆ. ಮಕ್ಕಳ ಚೌಕುಳಿ ಪುಸ್ತಕದ ಒಂದು ಹಾಳೆ ಸಾಕು. ಅಡ್ಡಕ್ಕೆ ಕರು ಹಾಕಿದ ಮೇಲಿನ ವಾರಗಳು, ಮೇಲಕ್ಕೆ ಲೀಟರುಗಳು. ವಾರಕ್ಕೊಂದು ದಿನ ಒಂದು ದನದ ಎರಡೂ ಹೊತ್ತಿನ ಹಾಲನ್ನು ಅಳೆದು ಚುಕ್ಕೆ ಇಡಿ, ಚುಕ್ಕೆಗಳನ್ನು ಸೇರಿಸುತ್ತಾ ಹೋಗಿ. ಸೊಸೈಟಿಯ ಪುಸ್ತಕದ ಅಂಕಿ ಇದಕ್ಕೆ ಆಗದು. ಅದರಲ್ಲಿ ಎಲ್ಲ ದನಗಳ ಹಾಲೂ ಕೂಡಿರುತ್ತದೆ, ಮನೆಗೆ ಇಟ್ಟುಕೊಂಡದ್ದು ಬಿಟ್ಟುಹೋಗಿರುತ್ತದೆ.

ಗೆರೆಯು ಸಾಮಾನ್ಯವಾಗಿ 6ರಿಂದ 8ನೇ ವಾರದವರೆಗೆ ಏರಿ, ಬಳಿಕ ನಿಧಾನವಾಗಿ ಇಳಿಯುತ್ತದೆ. ಈ ಇಳಿಕೆ ಸಹಜ. ಇದನ್ನೇ ಕಂಡು ಒಳ್ಳೆಯ ದನವನ್ನು ಮಾರಲು ಹೊರಡಬೇಡಿ. ಆದರೆ ಗೆರೆ ಕಡಿದಾಗಿ ಇಳಿದರೆ ಸುಮ್ಮನಿರಬೇಡಿ. ಮೇವು ಬದಲಾಯಿತೇ, ಬೆದೆಗೆ ಬಂದಿದೆಯೇ, ಏಪ್ರಿಲ್-ಮೇ ಸೆಕೆಯೇ ಎಂದು ನೋಡಿ. ಯಾವುದೂ ಅಲ್ಲವಾದರೆ ಪಶುವೈದ್ಯರಲ್ಲಿ ಹಾಲಿನ ಪರೀಕ್ಷೆ ಮಾಡಿಸಿ. ಒಳಗೊಳಗೇ ಇರುವ ಕೆಚ್ಚಲು ಬಾವಿನಲ್ಲಿ ಕೆಚ್ಚಲು ಊದುವುದಿಲ್ಲ, ಹಾಲೂ ನೋಡಲು ಚೆನ್ನಾಗಿಯೇ ಇರುತ್ತದೆ. ಕಡಿಮೆಯಾದ ಲೀಟರೇ ಮೊದಲ ಸುಳಿವಾಗಬಹುದು.

ಸಂಘ ಸಂಘಗಳನ್ನು ಹೋಲಿಸಲು ಕಂಬದ ನಕ್ಷೆ. ಕಂಬದ ಬುಡದಲ್ಲಿ ಸೊನ್ನೆ ಇದೆಯೇ ಎಂದು ಮೊದಲು ನೋಡಿ. ಒಂದು ಸಂಘದಲ್ಲಿ 900 ಲೀಟರ್, ಇನ್ನೊಂದರಲ್ಲಿ 1000 ಎಂದಿಟ್ಟುಕೊಳ್ಳಿ. ಬುಡವನ್ನು 800ರಿಂದ ಶುರುಮಾಡಿದರೆ ಎರಡನೆಯ ಕಂಬ ಮೊದಲಿನದರ ಇಮ್ಮಡಿ ಕಾಣುತ್ತದೆ! ಕೈಗೆ ಬಂದ ನೂರು ರೂಪಾಯಿಯಲ್ಲಿ ಹಿಂಡಿಗೆಷ್ಟು, ಬೈಹುಲ್ಲಿಗೆಷ್ಟು ಎಂದು ತೋರಿಸಲು ವೃತ್ತ ನಕ್ಷೆ ಸಾಕು.

ಇನ್ನು ಭೂಪಟಗಳು. ತಾಲೂಕಿಗೊಂದು ಬಣ್ಣ ಬಳಿದ ನಕ್ಷೆಯಲ್ಲಿ ಬೆಳ್ತಂಗಡಿಯೇ ಮೊದಲು ಕಣ್ಣಿಗೆ ಬೀಳುತ್ತದೆ, ಏಕೆಂದರೆ ಅದರ ವಿಸ್ತಾರ ದೊಡ್ಡದು. ಆದರೆ ಅದರ ಪೂರ್ವದ ಅಂಚು ಕುದುರೆಮುಖದ ಕಡೆಯ ಘಟ್ಟದ ಕಾಡು. ಅಲ್ಲಿಗೂ ಅದೇ ಬಣ್ಣ. ಪುಟ್ಟದಾಗಿ ಕಾಣುವ ಬಂಟ್ವಾಳದಲ್ಲಿ ಹಾಲು ಕಡಿಮೆ ಎಂದು ಇದರಿಂದ ತಿಳಿಯಬಾರದು. ನೂರು ಲೀಟರಿಗೆ ಒಂದರಂತೆ ಚುಕ್ಕೆ ಇಟ್ಟ ನಕ್ಷೆಯಾದರೆ ಹಾಲು ಯಾವ ಊರುಗಳಲ್ಲಿ ಒತ್ತಾಗಿದೆ ಎಂದು ತೋರುತ್ತದೆ. ಶೀತಲೀಕರಣ ಘಟಕ ಎಲ್ಲಿ ಬೇಕೆಂಬ ಚರ್ಚೆಗೆ ಇಂಥ ನಕ್ಷೆಯನ್ನೇ ಕೇಳಿ.

ಮೂಡುಬಿದಿರೆಯವರಿಗೆ ಇನ್ನೊಂದು ಮಾತು. ನಿಮ್ಮದು ತಾಲೂಕಾದದ್ದು 2018ರಲ್ಲಿ. 2012ರ ಜಾನುವಾರು ಗಣತಿಯ ಹೊತ್ತಿಗೆ ಮಂಗಳೂರು ತಾಲೂಕಿಗೆ ಸೇರಿತ್ತು. ಆ ಅಂಕಿಯನ್ನು ಹೊಸ ಗಡಿಯ ಅಂಕಿಯ ಪಕ್ಕದಲ್ಲಿಟ್ಟರೆ ಮಂಗಳೂರಿನಲ್ಲಿ ದನಗಳು ಒಮ್ಮೆಲೇ ಇಳಿದಂತೆ ಕಾಣಬಹುದು. ಆದ್ದರಿಂದ ನಕ್ಷೆಯ ಅಡಿಯಲ್ಲಿ ಇಸವಿ ಯಾವುದು, ಗಡಿ ಯಾವಾಗಿನದು ಎಂದು ನೋಡಿಯೇ ಬಣ್ಣ ಓದಿ.