ಬಾರದವರಿಗೂ ಒಂದು ಪಾಲು

ನಮ್ಮದು ಚಿಕ್ಕ ಊರು. ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಸ್ವಲ್ಪ ದೂರ ನಡೆದರೆ ಚರ್ಚು. ಭಾನುವಾರ ಬೆಳಿಗ್ಗೆ ಏಳಕ್ಕೆ ಮೊದಲ ಗಂಟೆ, ಏಳೂವರೆಗೆ ಪೂಜೆ. ಊರಿಗೆಲ್ಲ ಅದೊಂದೇ ಪೂಜೆ. ಅದು ಮುಗಿಯುತ್ತಲೇ ಗುರುಗಳು ಮೋಟಾರ್ ಬೈಕ್ ಹತ್ತಿ ಉಪಕೇಂದ್ರಕ್ಕೆ ಹೊರಡಬೇಕು. ಇಂಥ ಊರಿನಲ್ಲಿ ಯಾರು ಯಾವ ಬೆಂಚಿನಲ್ಲಿ ಕೂರುತ್ತಾರೆಂಬುದು ಎಲ್ಲರಿಗೂ ಗೊತ್ತಿರುತ್ತದೆ.

ಬಲಗಡೆಯ ಎರಡನೆಯ ಕಂಬದ ಪಕ್ಕ ಒಬ್ಬ ಅಜ್ಜಿ ಕೂರುತ್ತಿದ್ದರು. ಒಂದು ಸಲ ನಾಲ್ಕು ಭಾನುವಾರ ಆ ಜಾಗ ಖಾಲಿಯಾಗಿತ್ತು. ನಾನು ಆಗಾಗ ವಾಚನ ಓದುವವನು. ಎದುರಿಗೆ ನಿಂತವನಿಗೆ ಖಾಲಿ ಜಾಗ ಎದ್ದು ಕಾಣುತ್ತದೆ. ನನಗೂ ಕಂಡಿತು. ‘ಮಗಳ ಮನೆಗೆ ಹೋಗಿರಬೇಕು’ ಎಂದುಕೊಂಡು ಸುಮ್ಮನಾದೆ. ಐದನೆಯ ವಾರ ಸಂತೆಯಲ್ಲಿ ಅವರ ಮೊಮ್ಮಗ ಸಿಕ್ಕಿದ. “ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರ್ಕೊಂಡ್ರು ಮೇಷ್ಟ್ರೇ, ಹಾಸಿಗೆ ಹಿಡಿದು ತಿಂಗಳಾಯ್ತು” ಎಂದ. ಅವರ ಮನೆ ನಮ್ಮ ಮನೆಯಿಂದ ಎರಡೇ ಬೀದಿಯ ಆಚೆ!

ಅಂದು ಸಂಜೆಯೇ ಹೋದೆ. ಅಜ್ಜಿ ದೂರಲಿಲ್ಲ. “ಬನ್ನಿ ಮೇಷ್ಟ್ರೇ, ಈ ವಾರ ಯಾವ ವಾಚನ ಓದಿದ್ರಿ?” ಎಂದು ಕೇಳಿದರು. ಆಮೇಲೆ ಮೆಲ್ಲಗೆ, “ಮಲಗಿದಲ್ಲಿಗೆ ಗಂಟೆ ಕೇಳಿಸುತ್ತೆ. ಅದಾದ ಮೇಲೆ ಏನೂ ಕೇಳಿಸಲ್ಲ” ಎಂದರು.

ಮೂವತ್ತು ವರ್ಷ ಶಾಲೆಯಲ್ಲಿ ಹಾಜರಿ ಕರೆದವನು ನಾನು. ಮಗು ಮೂರು ದಿನ ಬಾರದಿದ್ದರೆ ಮನೆಗೆ ಹೇಳಿಕಳುಹಿಸುತ್ತಿದ್ದೆ. ಚರ್ಚಿನಲ್ಲಿ ಮಾತ್ರ ನಾಲ್ಕು ವಾರ ಸುಮ್ಮನಿದ್ದೆ. ಅಂದಿನಿಂದ ನನ್ನನ್ನು ಕಾಡಿದ ಪ್ರಶ್ನೆಯನ್ನೇ ಈ ವಾರದ ಪಾಠವಾಗಿ ಓದುಗರ ಮುಂದಿಡುತ್ತಿದ್ದೇನೆ. ಭಾನುವಾರದ ಬಲಿಪೂಜೆ ಬಂದವರಿಗೆ ಮಾತ್ರ ಸೇರಿದ್ದೇ? ಬಾರದವರಿಗೆ ಅದರಲ್ಲಿ ಪಾಲಿಲ್ಲವೇ?

ಮೊದಲ ಭಾನುವಾರವೇ ಒಬ್ಬರು ಇರಲಿಲ್ಲ

ಯೇಸುಸ್ವಾಮಿ ಪುನರುತ್ಥಾನರಾದ ದಿನದ ಸಂಜೆ ಶಿಷ್ಯರು ಬಾಗಿಲು ಮುಚ್ಚಿಕೊಂಡು ಒಂದೆಡೆ ಸೇರಿದ್ದರು. ಪ್ರಭು ಅವರ ನಡುವೆ ಬಂದು ನಿಂತರು. ಆದರೆ ತೋಮಾಸ ಅಲ್ಲಿರಲಿಲ್ಲವೆಂದು ಸಂತ ಯೊವಾನ್ನರ ಶುಭಸಂದೇಶದ 20ನೆಯ ಅಧ್ಯಾಯ ಹೇಳುತ್ತದೆ. ಕ್ರೈಸ್ತರ ಮೊಟ್ಟಮೊದಲ ಭಾನುವಾರದ ಕೂಟದಲ್ಲೇ ಒಬ್ಬರ ಜಾಗ ಖಾಲಿ! ಅವರು ಎಲ್ಲಿಗೆ ಹೋಗಿದ್ದರೆಂದು ಶುಭಸಂದೇಶ ತಿಳಿಸುವುದಿಲ್ಲ.

ಉಳಿದವರು ಮಾಡಿದ್ದನ್ನು ಗಮನಿಸೋಣ. ಅವರು ತೋಮಾಸರನ್ನು ಕಂಡು ತಾವು ಪ್ರಭುವನ್ನು ನೋಡಿದ ಸಂಗತಿಯನ್ನು ತಿಳಿಸಿದರು. ತೋಮಾಸರು ನಂಬಲಿಲ್ಲ. ಗಾಯಗಳನ್ನು ಮುಟ್ಟಿ ನೋಡದ ಹೊರತು ಒಪ್ಪುವುದಿಲ್ಲ ಎಂದರು. ಆದರೂ ಎಂಟು ದಿನಗಳ ನಂತರ ಅದೇ ಮನೆಯಲ್ಲಿ ತೋಮಾಸರೂ ಅವರೊಂದಿಗೆ ಇದ್ದರು. ನಂಬದವನಿಗೆ ಇಲ್ಲೇನು ಕೆಲಸ ಎಂದು ಅವರು ಹೊರಗಿಟ್ಟಿರಲಿಲ್ಲ. ಪ್ರಭು ಮತ್ತೆ ಬಂದರು. ಈ ಸಲ ತೋಮಾಸರನ್ನೇ ಕರೆದು ಮಾತನಾಡಿದರು. ಭಾರತಕ್ಕೆ ಶುಭಸಂದೇಶ ತಂದ ಪ್ರೇಷಿತರೆಂದು ನಾವು ಗೌರವಿಸುವ ಸಂತ ತೋಮಾಸರು ಒಂದು ವಾರ ತಪ್ಪಿಸಿಕೊಂಡು, ಸಂಗಾತಿಗಳ ಮಾತಿನಿಂದ ಮರುವಾರ ಅವರ ನಡುವೆ ಕಂಡವರು. ಪಾಸ್ಕ ಕಾಲದ ಎರಡನೆಯ ಭಾನುವಾರ ಪ್ರತಿ ವರ್ಷವೂ ಇದೇ ಶುಭಸಂದೇಶವನ್ನು ಓದುತ್ತೇವೆ.

ನಿದ್ದೆ ಹೋದವನು, ತಡವಾಗಿ ಬಂದವರು

ಪ್ರೇಷಿತರ ಕಾರ್ಯಕಲಾಪಗಳ 20ನೆಯ ಅಧ್ಯಾಯದಲ್ಲಿ ಇನ್ನೊಂದು ಭಾನುವಾರವಿದೆ. ತ್ರೋವ ಎಂಬ ಊರಿನಲ್ಲಿ ವಾರದ ಮೊದಲ ದಿನ ಕ್ರೈಸ್ತರು ರೊಟ್ಟಿ ಮುರಿಯಲು ಸೇರಿದ್ದರು. ಸಂತ ಪೌಲರ ಪ್ರಬೋಧನೆ ಮಧ್ಯರಾತ್ರಿಯವರೆಗೆ ಸಾಗಿತು! ಕಿಟಕಿಯಲ್ಲಿ ಕುಳಿತಿದ್ದ ಯೂತಿಖನೆಂಬ ಯುವಕ ತೂಕಡಿಸಿ ಮೂರನೆಯ ಅಂತಸ್ತಿನಿಂದ ಕೆಳಗೆ ಬಿದ್ದ. ಎತ್ತಿ ನೋಡಿದರೆ ಪ್ರಾಣವಿರಲಿಲ್ಲ. ಪೌಲರು ಮಾತು ನಿಲ್ಲಿಸಿ ಕೆಳಗಿಳಿದು ಬಂದು ಅವನನ್ನು ತಬ್ಬಿಕೊಂಡರು. ಅವನಲ್ಲಿ ಜೀವವಿದೆಯೆಂದು ಜನರಿಗೆ ಧೈರ್ಯ ಹೇಳಿದರು. ಆಮೇಲೆ ಮೇಲೆ ಹೋಗಿ ರೊಟ್ಟಿ ಮುರಿದರು. ಯುವಕ ಜೀವಂತನಾಗಿ ಮನೆ ಸೇರಿದ. ನಮ್ಮ ಯುವಕರು ಬಾಗಿಲ ಬಳಿ ನಿಂತು ಮೊಬೈಲ್ ನೋಡುತ್ತಾರೆಂದು ಗೊಣಗುವ ಹಿರಿಯರು ಈ ಭಾಗವನ್ನು ಒಮ್ಮೆ ಓದಬೇಕು. ಅಂಚಿನಲ್ಲಿ ಕೂತವನು ಜಾರಿ ಬಿದ್ದಾಗ ಪ್ರೇಷಿತರೇ ಇಳಿದು ಹೋದರು.

ಕೊರಿಂಥದಲ್ಲಿ ತೊಂದರೆ ಬೇರೆಯದು. ಅಲ್ಲಿ ಸಭೆ ಸೇರಿದಾಗ ಕೆಲವರು ಮುಂಚಿತವಾಗಿಯೇ ಉಂಡು ಕುಡಿದು ತೃಪ್ತರಾಗುತ್ತಿದ್ದರು, ಬಡವರು ಹಸಿದಿರುತ್ತಿದ್ದರು. ಆಗ ಭಾನುವಾರ ರಜಾದಿನವಾಗಿರಲಿಲ್ಲವೆಂಬುದನ್ನು ನೆನಪಿಡಬೇಕು. ರೋಮ್ ಸಾಮ್ರಾಜ್ಯದಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿ ಅದನ್ನು ವಿಶ್ರಾಂತಿಯ ದಿನವೆಂದು ಸಾರಿದ್ದು 321ರಲ್ಲಿ. ಅಲ್ಲಿಯವರೆಗೆ ಕೂಲಿಯವರು, ದಾಸರು ಯಜಮಾನರ ಕೆಲಸ ಮುಗಿಸಿಯೇ ಬರಬೇಕಿತ್ತು. ಕೊರಿಂಥದಲ್ಲಿ ತಡವಾಗಿ ಬಂದವರು ಬಹುಶಃ ಇಂಥವರೇ. ಊಟಕ್ಕೆ ಸೇರಿದಾಗ ಒಬ್ಬರಿಗಾಗಿ ಒಬ್ಬರು ಕಾಯಿರಿ ಎಂಬುದು ಪೌಲರು ಕೊಟ್ಟ ಆಜ್ಞೆ. ಹಸಿದವರನ್ನು ನಾಚಿಸಿ ಪ್ರಭುವಿನ ಭೋಜನ ಮಾಡಲಾಗದು ಎಂದು ಅವರು ಖಂಡಿಸಿದರು.

ನಮ್ಮ ಊರಿನ ಸಂತೆಯೂ ಭಾನುವಾರವೇ. ತರಕಾರಿ ಮಾರುವವರು, ಹೋಟೆಲಿನಲ್ಲಿ ದುಡಿಯುವವರು, ರಾತ್ರಿ ಪಾಳಿ ಮುಗಿಸಿದ ನರ್ಸ್‌ಗಳು ಪೂಜೆಗೆ ಓಡಿ ಬರುವಾಗ ಪ್ರಬೋಧನೆ ಅರ್ಧ ಮುಗಿದಿರುತ್ತದೆ. ಆಗ ನಾವು ತಿರುಗಿ ನೋಡುವ ನೋಟ ಎಂಥದು?

ಸಂತ ಜಸ್ಟಿನ್ ಬರೆದಿಟ್ಟ ಭಾನುವಾರ

ಆದಿ ಕ್ರೈಸ್ತರ ಭಾನುವಾರ ಹೇಗಿತ್ತೆಂಬುದಕ್ಕೆ ಸಂತ ಜಸ್ಟಿನ್ ಒಳ್ಳೆಯ ಸಾಕ್ಷಿ. ಪಾಲೆಸ್ತೀನಿನಲ್ಲಿ ಹುಟ್ಟಿ, ತತ್ವಶಾಸ್ತ್ರ ಕಲಿತು, ಕ್ರೈಸ್ತರಾಗಿ, ಸುಮಾರು 165ರಲ್ಲಿ ರೋಮ್ ನಗರದಲ್ಲಿ ರಕ್ತಸಾಕ್ಷಿಯಾದವರು ಇವರು. ಸುಮಾರು 155ರಲ್ಲಿ ಅವರು ಆಂಟೊನಿನಸ್ ಪಯಸ್ ಚಕ್ರವರ್ತಿಗೆ ಬರೆದ ಸಮರ್ಥನೆಯಲ್ಲಿ ಕ್ರೈಸ್ತರ ಆರಾಧನೆಯನ್ನು ವಿವರಿಸಿದ್ದಾರೆ.

ಪಟ್ಟಣದವರೂ ಹಳ್ಳಿಯವರೂ ಒಂದೆಡೆ ಸೇರುತ್ತಾರೆ. ಪ್ರೇಷಿತರ ಅಥವಾ ಪ್ರವಾದಿಗಳ ಬರಹಗಳನ್ನು ಓದಲಾಗುತ್ತದೆ. ಸಭೆಯ ಮುಖ್ಯಸ್ಥರು ಬೋಧಿಸುತ್ತಾರೆ. ಎಲ್ಲರೂ ಎದ್ದುನಿಂತು ಪ್ರಾರ್ಥಿಸುತ್ತಾರೆ. ರೊಟ್ಟಿ, ದ್ರಾಕ್ಷಾರಸ, ನೀರನ್ನು ತರುತ್ತಾರೆ. ಮುಖ್ಯಸ್ಥರು ಕೃತಜ್ಞತಾ ಪ್ರಾರ್ಥನೆ ಸಲ್ಲಿಸುತ್ತಾರೆ, ಜನರು ‘ಆಮೆನ್’ ಎನ್ನುತ್ತಾರೆ. ನಮ್ಮ ಇಂದಿನ ಬಲಿಪೂಜೆಯ ಕ್ರಮವೂ ಇದೇ ಅಲ್ಲವೇ?

ಅಷ್ಟಕ್ಕೇ ಜಸ್ಟಿನ್ ನಿಲ್ಲಿಸುವುದಿಲ್ಲ. ಇನ್ನೆರಡು ಸಂಗತಿಗಳನ್ನು ಹೇಳುತ್ತಾರೆ. ಒಂದು, ಬಾರದೆ ಉಳಿದವರಿಗೆ ಸೇವಾದರ್ಶಿಗಳು, ಅಂದರೆ ಡೀಕನ್‌ಗಳು, ಪರಮಪ್ರಸಾದವನ್ನು ಒಯ್ದು ಕೊಡುತ್ತಾರೆ. ಎರಡು, ಉಳ್ಳವರು ಮನಸ್ಸಿಗೆ ಬಂದಷ್ಟು ಕಾಣಿಕೆ ಕೊಡುತ್ತಾರೆ. ಅದು ಅನಾಥರಿಗೆ, ವಿಧವೆಯರಿಗೆ, ರೋಗಿಗಳಿಗೆ, ಸೆರೆಯಲ್ಲಿರುವವರಿಗೆ, ಪರಸ್ಥಳದಿಂದ ಬಂದವರಿಗೆ ಸಲ್ಲುತ್ತದೆ. ಹೀಗೆ ಸುಮಾರು 1,870 ವರ್ಷಗಳ ಹಿಂದೆಯೇ ಬಾರದವರ ಪಾಲನ್ನು ಎತ್ತಿಡುವುದು ಪೂಜೆಯ ಭಾಗವಾಗಿತ್ತು. ಮನೆಯಲ್ಲಿ ಊಟಕ್ಕೆ ಒಬ್ಬರು ಬಾರದಿದ್ದರೆ ತಾಯಿ ಅವರ ಪಾಲನ್ನು ಮುಚ್ಚಿಡುವುದಿಲ್ಲವೇ, ಹಾಗೆ.

ಧರ್ಮಸಭೆ ಏನು ಹೇಳುತ್ತದೆ?

ಭಾನುವಾರ ಪೂಜೆಯಲ್ಲಿ ಪಾಲ್ಗೊಳ್ಳುವುದು ಕಥೋಲಿಕರ ಕರ್ತವ್ಯವೆಂದು 1983ರ ಧರ್ಮಸಭೆಯ ಕಾನೂನು ಸಂಹಿತೆಯ 1247ನೆಯ ವಿಧಿ ಹೇಳುತ್ತದೆ. ಹಿಂದಿನ ದಿನದ ಸಂಜೆಯ ಪೂಜೆಯೂ ಸಲ್ಲುತ್ತದೆ. ಗುರುಗಳಿಲ್ಲದೆಯೋ ಬೇರೆ ಗಂಭೀರ ಕಾರಣದಿಂದಲೋ ಪೂಜೆಗೆ ಹೋಗಲಾಗದಿದ್ದರೆ ವಾಕ್ಯಾರಾಧನೆಯಲ್ಲಿ ಭಾಗವಹಿಸಬೇಕು, ಇಲ್ಲವೇ ಮನೆಮಂದಿ ಸೇರಿ ಪ್ರಾರ್ಥಿಸಬೇಕೆಂದು 1248ನೆಯ ವಿಧಿ ಶಿಫಾರಸು ಮಾಡುತ್ತದೆ. ಕಾಯಿಲೆ, ಹಸುಗೂಸಿನ ಆರೈಕೆ ಮುಂತಾದ ಗಂಭೀರ ಕಾರಣವಿದ್ದವರಿಗೆ ಈ ಕಟ್ಟುಪಾಡಿಲ್ಲವೆಂದು 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮೋಪದೇಶ ಗ್ರಂಥ ತಿಳಿಸುತ್ತದೆ. ಹಾಸಿಗೆ ಹಿಡಿದ ಅಜ್ಜಿ “ಪೂಜೆ ತಪ್ಪಿಸಿದೆ, ಪಾಪ ಬಂತು” ಎಂದು ಕೊರಗಬೇಕಾಗಿಲ್ಲ. ಅವರಿಗೆ ಈ ಮಾತನ್ನು ಹೇಳುವವರು ಬೇಕು.

ಜಗದ್ಗುರು ಎರಡನೆಯ ಜಾನ್ ಪಾಲ್ 1998ರ ಮೇ 31ರಂದು ಭಾನುವಾರದ ಬಗ್ಗೆಯೇ ಒಂದು ಪ್ರೇಷಿತ ಪತ್ರ ಬರೆದರು. ರೋಗಿಗಳನ್ನು ನೋಡಲು ಹೋಗುವುದು, ಒಂಟಿಯಾಗಿರುವವರನ್ನು ಊಟಕ್ಕೆ ಕರೆಯುವುದು, ಇಲ್ಲದವರ ಮನೆಗೆ ಆಹಾರ ತಲುಪಿಸುವುದು ಭಾನುವಾರಕ್ಕೆ ತಕ್ಕ ಕೆಲಸಗಳೆಂದು ಅದರಲ್ಲಿ ಎತ್ತಿ ಹೇಳಿದರು.

ಬಾರದ ನೋವು ಹೇಗಿರುತ್ತದೆಂಬುದು ನಮಗೂ ಒಮ್ಮೆ ತಿಳಿಯಿತು. 2020ರ ಮಾರ್ಚ್‌ನಲ್ಲಿ ಕೊರೊನಾದಿಂದಾಗಿ ಚರ್ಚಿನ ಬಾಗಿಲು ಮುಚ್ಚಿದಾಗ ನಾವೆಲ್ಲರೂ ಆ ಅಜ್ಜಿಯಂತೆ ಮನೆಯಲ್ಲಿ ಕೂತೆವು. ಮೊಬೈಲಿನಲ್ಲಿ ಪೂಜೆ ನೋಡಿದೆವು. ಪರಮಪ್ರಸಾದ ಮಾತ್ರ ಸಿಗಲಿಲ್ಲ. ಬಾಗಿಲು ತೆರೆದ ಮೇಲೆ ಅನೇಕರು ಮರಳಿದರು. ಕೆಲವರು ಮರಳಲಿಲ್ಲ. ಅವರಲ್ಲಿ ಎಷ್ಟು ಮಂದಿಯನ್ನು ನಾವು ಹೋಗಿ ಮಾತನಾಡಿಸಿದ್ದೇವೆ?

ನಾವು ಮಾಡಬಹುದಾದದ್ದು

ಮೊದಲನೆಯದಾಗಿ, ಪಕ್ಕದ ಬೆಂಚನ್ನು ಗಮನಿಸೋಣ. ಎರಡು ವಾರ ಕಾಣದವರ ಮನೆಗೆ ಅದೇ ದಿನ ಹೋಗೋಣ. “ಯಾಕೆ ಪೂಜೆಗೆ ಬರಲಿಲ್ಲ?” ಎಂದು ಬಾಗಿಲಲ್ಲೇ ವಿಚಾರಣೆ ಬೇಡ. “ಹೇಗಿದ್ದೀರಿ?” ಎಂದರೆ ಸಾಕು. ಜಗಳ ಮಾಡಿಕೊಂಡು ದೂರವಾದವರೂ ಇರಬಹುದು. ಹಬ್ಬದ ವಂತಿಗೆ, ಗಾನವೃಂದ, ಹಾಡಿನ ಭಾಷೆ, ಹೀಗೆ ಸಣ್ಣ ಊರಿನಲ್ಲಿ ಕಾರಣಗಳಿಗೆ ಬರವಿಲ್ಲ. ಅಂಥವರ ಮಾತನ್ನು ವಾದಿಸದೆ ಕೇಳೋಣ.

ಎರಡನೆಯದಾಗಿ, ಮನೆಯಲ್ಲಿ ರೋಗಿಗಳಿದ್ದರೆ ಗುರುಗಳಿಗೆ ತಿಳಿಸೋಣ. ತಾವಾಗಿಯೇ ತಿಳಿದುಕೊಳ್ಳಲೆಂದು ಕಾದರೆ ತಿಂಗಳುಗಳು ಕಳೆಯುತ್ತವೆ. ಗುರುಗಳಿಗೆ ಬಿಡುವಾಗದ ಕಡೆ, ಅನುಮತಿ ಪಡೆದ ಶ್ರೀಸಾಮಾನ್ಯರೂ ಪರಮಪ್ರಸಾದ ಒಯ್ದು ಕೊಡಲು ಧರ್ಮಸಭೆ 1973ರಲ್ಲೇ ದಾರಿ ಮಾಡಿಕೊಟ್ಟಿದೆ. ಚಿಕ್ಕ ಮೇಜಿನ ಮೇಲೆ ಶುಭ್ರವಾದ ಬಟ್ಟೆ, ಶಿಲುಬೆ, ಹಚ್ಚಿದ ಮೇಣದಬತ್ತಿ, ಒಂದು ಲೋಟ ನೀರು, ಇಷ್ಟು ಸಿದ್ಧವಿದ್ದರೆ ಸಾಕು. ಟಿ.ವಿ. ಆರಿಸಿ ಮನೆಮಂದಿಯೆಲ್ಲ ಸುತ್ತ ನಿಂತು ಪ್ರಾರ್ಥಿಸಲಿ.

ಮೂರನೆಯದಾಗಿ, ಒಂದು ಅನುಮಾನವನ್ನು ಬಿಡಿಸಿಕೊಳ್ಳೋಣ. ‘ಮಾತ್ರೆಗೆಂದು ಕಾಫಿ ಕುಡಿದುಬಿಟ್ಟೆ, ಇನ್ನು ಪ್ರಸಾದ ಬೇಡ’ ಎನ್ನುವ ಹಿರಿಯರಿದ್ದಾರೆ. ಪರಮಪ್ರಸಾದಕ್ಕೆ ಮುನ್ನ ಒಂದು ಗಂಟೆಯ ಉಪವಾಸವೆಂಬುದು ನಿಯಮ. ನೀರು, ಔಷಧಿಯಿಂದ ಅದು ಮುರಿಯುವುದಿಲ್ಲ. ವೃದ್ಧರಿಗೆ, ರೋಗಿಗಳಿಗೆ, ಅವರ ಆರೈಕೆ ಮಾಡುವವರಿಗೆ ಆ ಒಂದು ಗಂಟೆಯೊಳಗೆ ಏನಾದರೂ ಸೇವಿಸಿದ್ದರೂ ಸ್ವೀಕರಿಸಲು ಅಡ್ಡಿಯಿಲ್ಲ. ಇದು ಕಾನೂನು ಸಂಹಿತೆಯ 919ನೆಯ ವಿಧಿ.

ನಾಲ್ಕನೆಯದಾಗಿ, ಮಕ್ಕಳನ್ನು ಜೊತೆಗೆ ಕರೆದೊಯ್ಯೋಣ. ಪೂಜೆಯಿಂದ ಬಂದ ಮಗು ಆ ದಿನದ ಶುಭಸಂದೇಶವನ್ನು ಹಾಸಿಗೆಯ ಪಕ್ಕ ಕೂತು ಓದಿ ಹೇಳಲಿ. ಧರ್ಮೋಪದೇಶದ ತರಗತಿಯಲ್ಲಿ ಕಲಿತದ್ದು ಅಲ್ಲಿ ಉಪಯೋಗಕ್ಕೆ ಬರುತ್ತದೆ.

ನಮ್ಮ ಅಜ್ಜಿಯ ಮನೆಗೆ ಆಮೇಲೆ ಪ್ರತಿ ಭಾನುವಾರ ಯಾರಾದರೊಬ್ಬರು ಹೋಗುವಂತಾಯಿತು. ನಾನೂ ನನ್ನ ಸರದಿಯಲ್ಲಿ ಹೋಗಿ ವಾಚನ ಓದುತ್ತಿದ್ದೆ. ಓದಿ ಮುಗಿಸಿದರೆ ಅವರು ಕೇಳುತ್ತಿದ್ದುದು ಒಂದೇ ಪ್ರಶ್ನೆ: “ಇವತ್ತು ಯಾರು ಯಾರು ಬಂದಿರಲಿಲ್ಲ ಮೇಷ್ಟ್ರೇ?” ನಾನು ಹೆಸರು ಹೇಳಿದಂತೆಲ್ಲ ಒಬ್ಬೊಬ್ಬರಿಗೂ ಜಪಸರದ ಒಂದೊಂದು ಮಣಿ ಹಿಡಿಯುತ್ತಿದ್ದರು. ನಮ್ಮ ಧರ್ಮಕೇಂದ್ರದಲ್ಲಿ ಬಾರದವರ ಹಾಜರಿ ಇಟ್ಟವರು ಅವರೊಬ್ಬರೇ.

ಮನೆಮಂದಿ ಸೇರಿ ಚಿಂತಿಸಲು

1. ಕಳೆದ ಭಾನುವಾರ ನಮ್ಮ ಸುತ್ತಮುತ್ತ ಯಾರ ಜಾಗ ಖಾಲಿಯಿತ್ತು? ಕಾರಣ ನಮಗೆ ಗೊತ್ತಿದೆಯೇ?

2. ನಮ್ಮ ಬೀದಿಯಲ್ಲಿ ಪರಮಪ್ರಸಾದಕ್ಕಾಗಿ ಹಂಬಲಿಸುವ ರೋಗಿಗಳಿದ್ದಾರೆಯೇ? ಗುರುಗಳಿಗೆ ತಿಳಿಸುವವರು ಯಾರು?

3. ನಮ್ಮ ಮಾತಿನಿಂದಲೋ ನಡತೆಯಿಂದಲೋ ಚರ್ಚಿನಿಂದ ದೂರವಾದವರು ಇದ್ದಾರೆಯೇ? ಈ ವಾರ ಅವರ ಮನೆಗೆ ಹೋಗಲು ನಮಗೆ ಮನಸ್ಸಿದೆಯೇ?

4. ಯೊವಾನ್ನ 20:19-29 ಓದಿರಿ. ತೋಮಾಸರ ಸಂಗಾತಿಗಳಿಂದ ನಮ್ಮ ಕುಟುಂಬ ಕಲಿಯಬೇಕಾದದ್ದೇನು?